ಹಿರಿಯರು ನಿಮಿತ್ತ, ಕಿರಿಯರು ಉಪಾದಾನ

ಲೋಕದಲ್ಲಿ ತನ್ನ ಸ್ಥಾನ ಯಾವುದು ಎಂಬ ಪ್ರಶ್ನೆ ಪ್ರತಿಯೊಬ್ಬ ಮನುಷ್ಯನನ್ನೂ ಒಂದಲ್ಲ ಒಂದು ಸಂದರ್ಭದಲ್ಲಿ ಕಾಡದೆ ಬಿಡುವುದಿಲ್ಲ. ವಿದ್ಯಾಭ್ಯಾಸ ಮುಗಿಸಿ ಮುಂದೇನೆಂದು ನಿಂತ ತರುಣ, ಹೊಸ ಮನೆಯ ಹೊಸ್ತಿಲನ್ನು ದಾಟಿ ಒಳಬಂದ ಸೊಸೆ, ಅಣ್ಣಂದಿರು ನಡೆಸುವ ಅಂಗಡಿಯಲ್ಲಿ ಲೆಕ್ಕ ಬರೆಯುವ ತಮ್ಮ, ನೌಕರಿಯಿಂದ ನಿವೃತ್ತನಾಗಿ ಮನೆಯ ಜಗಲಿಯಲ್ಲಿ ಕುಳಿತ ಗೃಹಸ್ಥ, ಇವರೆಲ್ಲರ ಮನಸ್ಸಿನಲ್ಲಿಯೂ ಇರುವುದು ಇದೊಂದೇ ಪ್ರಶ್ನೆ. ಇದಕ್ಕೆ ಉತ್ತರವನ್ನು ಹೆಚ್ಚಿನವರು ಮೊದಲು ಕೇಳುವುದು ಗ್ರಂಥಗಳಿಂದಲ್ಲ. ಮನೆಯ ಹಿರಿಯರ ಬಾಯಿಂದ. ನೀರನ್ನು ಸೋಸಿ ಕುಡಿಯಬೇಕು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕು ಎಂದು ಕಲಿಸಿದ ಅಜ್ಜಿಯೇ ಮಗುವಿಗೆ ನೀನು ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು ಎಂಬುದನ್ನೂ ಕಲಿಸುತ್ತಾಳೆ.

ಆದರೆ ಹಿರಿಯರ ಈ ಬೋಧನೆ ಎಲ್ಲರಿಗೂ ಒಂದೇ ಫಲವನ್ನು ಕೊಡುವುದಿಲ್ಲ. 'ನಿನ್ನ ಸ್ಥಾನವನ್ನು ತಿಳಿದುಕೋ' ಎಂಬ ಮಾತು ಒಬ್ಬನನ್ನು ತನ್ನ ಕಾಲಮೇಲೆ ನಿಲ್ಲಿಸುತ್ತದೆ. ಅದೇ ಮಾತು ಇನ್ನೊಬ್ಬನನ್ನು ಜೀವಮಾನವಿಡೀ ಕುಗ್ಗಿಸುತ್ತದೆ. ಒಂದು ಮನೆಯಲ್ಲಿ ಅದು ಆಶೀರ್ವಾದ, ಇನ್ನೊಂದು ಮನೆಯಲ್ಲಿ ಗದರಿಕೆ. ಹಾಗಾದರೆ ಹಿರಿಯರು ಕಿರಿಯರ ಸ್ಥಾನವನ್ನು ನಿರ್ಣಯಿಸಬಹುದೇ? ನಿರ್ಣಯಿಸಬಾರದೆಂದಾದರೆ ಅವರ ಕರ್ತವ್ಯವಾದರೂ ಏನು? ಅವಿಭಕ್ತ ಕುಟುಂಬಗಳು ವಿರಳವಾಗಿ, ಮಕ್ಕಳು ದೂರದ ನಗರಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಯನ್ನು ಶ್ರಾವಕ ಸಮಾಜವು ಸ್ವಲ್ಪ ಆಳವಾಗಿ ವಿಚಾರಿಸುವುದು ಅವಶ್ಯವಾಗಿದೆ.

ಜೈನ ದರ್ಶನವು ಲೋಕವನ್ನು ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳಾಗಿ ವಿವರಿಸುತ್ತದೆ. ಇಲ್ಲಿ ಧರ್ಮ, ಅಧರ್ಮ ಎಂಬ ಶಬ್ದಗಳಿಗೆ ಪುಣ್ಯಪಾಪಗಳ ಅರ್ಥವಿಲ್ಲ. ಚಲಿಸುವ ಜೀವಪುದ್ಗಲಗಳ ಚಲನೆಗೆ ಸಹಕಾರಿಯಾದದ್ದು ಧರ್ಮ. ನಿಲ್ಲುವವುಗಳ ನಿಲುವಿಗೆ ಸಹಕಾರಿಯಾದದ್ದು ಅಧರ್ಮ. ಪೂರ್ವಾಚಾರ್ಯರು ಇವುಗಳಿಗೆ ಕೊಟ್ಟ ದೃಷ್ಟಾಂತಗಳು ಸುಪರಿಚಿತವಾಗಿವೆ. ಮೀನಿಗೆ ನೀರು ಹೇಗೋ ಚಲನೆಗೆ ಧರ್ಮದ್ರವ್ಯ ಹಾಗೆ. ದಾರಿಗನಿಗೆ ಮರದ ನೆರಳು ಹೇಗೋ ನಿಲುವಿಗೆ ಅಧರ್ಮದ್ರವ್ಯ ಹಾಗೆ. ನೀರು ಮೀನನ್ನು ಈಜೆಂದು ದೂಡುವುದಿಲ್ಲ. ಆದರೆ ಈಜುವ ಮೀನಿಗೆ ನೀರಿಲ್ಲದೆ ಗತಿಯಿಲ್ಲ. ನೆರಳು ದಾರಿಗನ ಕೈಹಿಡಿದು ಕೂರಿಸುವುದಿಲ್ಲ. ಆದರೆ ದಣಿದವನು ಕೂರಬೇಕೆಂದಾಗ ಅದು ಅಲ್ಲಿರುತ್ತದೆ. ಇನ್ನು ಆಕಾಶದ ಕಾರ್ಯವೋ ಎಲ್ಲ ದ್ರವ್ಯಗಳಿಗೂ ಅವಕಾಶ ಕೊಡುವುದು. ಯಾರನ್ನೂ ಬಾ ಎನ್ನದೆ, ಹೋಗು ಎನ್ನದೆ, ಇರುವುದಕ್ಕೆ ಎಡೆ ಕೊಡುವುದೇ ಅದರ ಉಪಕಾರ. ಈ ಮೂರನ್ನೂ ಉದಾಸೀನ ನಿಮಿತ್ತಗಳೆಂದು ಕರೆಯುತ್ತಾರೆ. ಉದಾಸೀನವೆಂದರೆ ಅಲಕ್ಷ್ಯವಲ್ಲ, ಬಲಾತ್ಕಾರವಿಲ್ಲದ ಸಹಾಯ.

ಕಾರ್ಯವೊಂದು ಆಗುವುದಕ್ಕೆ ಉಪಾದಾನ, ನಿಮಿತ್ತ ಎಂಬ ಎರಡು ಕಾರಣಗಳನ್ನು ಶಾಸ್ತ್ರವು ಹೇಳುತ್ತದೆ. ಮಣ್ಣು ಗಡಿಗೆಯಾಗುತ್ತದೆ, ಮಣ್ಣು ಉಪಾದಾನ. ಕುಂಬಾರ, ಚಕ್ರ, ಕೋಲುಗಳು ನಿಮಿತ್ತ. ಕುಂಬಾರನು ಎಷ್ಟೇ ನಿಪುಣನಾಗಿದ್ದರೂ ತಾನೇ ಗಡಿಗೆಯಾಗಲಾರನು. ಮರಳಿನಿಂದ ಗಡಿಗೆಯನ್ನು ಮಾಡಲಾರನು. ಮನೆಯ ಹಿರಿಯರಿಗೂ ಕಿರಿಯರಿಗೂ ಇರುವ ಸಂಬಂಧವನ್ನು ಈ ಬೆಳಕಿನಲ್ಲಿ ನೋಡಿದರೆ ಮೇಲಿನ ಪ್ರಶ್ನೆಗೆ ದಾರಿ ತೋರುತ್ತದೆ. ಕಿರಿಯನ ಬಾಳಿಗೆ ಕಿರಿಯನೇ ಉಪಾದಾನ. ಅವನ ಯೋಗ್ಯತೆ, ಪುರುಷಾರ್ಥ, ಕರ್ಮೋದಯಗಳು ಅವನವು. ಹಿರಿಯರು ನಿಮಿತ್ತ. ಈಜುವವನಿಗೆ ನೀರಾಗುವುದು, ದಣಿದವನಿಗೆ ನೆರಳಾಗುವುದು, ಇರಬೇಕಾದವನಿಗೆ ಎಡೆ ಕೊಡುವುದು, ಇಷ್ಟು ಅವರ ಕರ್ತವ್ಯ. ಇದಕ್ಕಿಂತ ಕಡಿಮೆಯಾದರೆ ಉಪೇಕ್ಷೆ, ಹೆಚ್ಚಾದರೆ ಅಧಿಕಾರ.

ಸ್ಥಾನದ ಹಿರಿಕಿರಿತನದ ವಿಷಯದಲ್ಲಿಯೂ ದರ್ಶನದ ಮಾತು ಸ್ಪಷ್ಟವಾಗಿದೆ. ಇರುವೆಯ ದೇಹದಲ್ಲಿರುವ ಜೀವಕ್ಕೂ ಆನೆಯ ದೇಹದಲ್ಲಿರುವ ಜೀವಕ್ಕೂ ಪ್ರದೇಶಗಳ ಸಂಖ್ಯೆಯಲ್ಲಿ ವ್ಯತ್ಯಾಸವಿಲ್ಲ. ಗಡಿಗೆಯೊಳಗಿಟ್ಟರೆ ಗಡಿಗೆಯಷ್ಟು, ಕೋಣೆಯಲ್ಲಿಟ್ಟರೆ ಕೋಣೆಯಷ್ಟು ಬೆಳಗುವ ದೀಪದಂತೆ ಜೀವವು ದೊರೆತ ದೇಹಕ್ಕೆ ತಕ್ಕಂತೆ ಸಂಕೋಚ ವಿಸ್ತಾರಗಳನ್ನು ಹೊಂದುತ್ತದೆ. ದೊರೆತ ಎಡೆ ಚಿಕ್ಕದಾದ ಮಾತ್ರಕ್ಕೆ ದೀಪ ಚಿಕ್ಕದಾಗುವುದಿಲ್ಲ. ಅಡುಗೆಮನೆಯಲ್ಲಿರುವವಳಿಗೂ ಆಡಳಿತ ಮಂಡಳಿಯ ಅಧ್ಯಕ್ಷನಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಆದರೆ ಈ ಸತ್ಯವನ್ನು ಗಡಿಗೆಯನ್ನು ಮುಚ್ಚಿಡುವುದಕ್ಕೆ ನೆಪವಾಗಿ ಬಳಸಬಾರದು. ದೀಪಕ್ಕೆ ಕುಂದಿಲ್ಲವೆಂಬುದು ದೀಪದ ಮಹಿಮೆಯೇ ಹೊರತು ಮುಚ್ಚಿಟ್ಟವರ ಸಮರ್ಥನೆಯಲ್ಲ.

ಈ ವಿಚಾರಕ್ಕೆ ಮೊದಲ ಉದಾಹರಣೆ ಆದಿತೀರ್ಥಂಕರರ ಮನೆಯೇ ಆಗಿದೆ. ವೃಷಭದೇವನು ತನ್ನ ಹೆಣ್ಣುಮಕ್ಕಳನ್ನು ತೊಡೆಯಮೇಲೆ ಕೂರಿಸಿಕೊಂಡು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವಿದ್ಯೆಯನ್ನೂ ಉಪದೇಶಿಸಿದನೆಂದು ಪುರಾಣವು ಹೇಳುತ್ತದೆ. ಗಂಡುಮಕ್ಕಳಿಗೆ ಕಲೆಗಳನ್ನು ಕಲಿಸಿದನು. ವೈರಾಗ್ಯವುಂಟಾದಾಗ ಅಯೋಧ್ಯೆಯನ್ನು ಭರತನಿಗೂ ಪೌದನಪುರವನ್ನು ಬಾಹುಬಲಿಗೂ ಉಳಿದ ನಾಡುಗಳನ್ನು ಉಳಿದವರಿಗೂ ಹಂಚಿ ತಾನು ಹೊರಟುಹೋದನು. ತಂದೆಯಾಗಿ ಕೊಡಬೇಕಾದ ಎಡೆಯನ್ನು ಆತನು ಯಾರಿಗೂ ಕಡಿಮೆಯಿಲ್ಲದೆ ಕೊಟ್ಟನು. ಆದರೂ ಸಹೋದರರಲ್ಲಿ ಕಲಹ ಹುಟ್ಟಿತು. ಸ್ಥಾನವನ್ನು ಕೊಡುವುದು ಹಿರಿಯರ ಕೈಯಲ್ಲಿದ್ದರೂ ಅದನ್ನು ತಿಳಿಯುವುದು ಕಿರಿಯರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಚಕ್ರವರ್ತಿಯಾದ ಭರತನು ತನಗೆ ಎರಗಬೇಕೆಂದು ಹೇಳಿಕಳುಹಿಸಿದಾಗ ತೊಂಬತ್ತೆಂಟು ಮಂದಿ ತಮ್ಮಂದಿರು ತಂದೆಯ ಬಳಿಗೆ ಹೋದರು. ತಂದೆಯು ಭರತನನ್ನು ಕರೆಸಿ ಗದರಿಸಲಿಲ್ಲ. ಎರಗಿರೆಂದು ಇವರನ್ನು ಒತ್ತಾಯಿಸಲೂ ಇಲ್ಲ. ಅಳಿದುಹೋಗುವ ರಾಜ್ಯಕ್ಕೂ ಅಳಿಯದ ಪದವಿಗೂ ಇರುವ ಅಂತರವನ್ನು ತಿಳಿಸಿದನು. ಅವರು ದೀಕ್ಷೆಯನ್ನು ಕೈಕೊಂಡರು. ಅದು ಅವರ ಆಯ್ಕೆ. ಬಾಹುಬಲಿಯು ಬೇರೆ ದಾರಿಯಲ್ಲಿ ನಡೆದನು. ಯುದ್ಧದಲ್ಲಿ ಗೆದ್ದು, ಗೆದ್ದದ್ದನ್ನು ಬಿಟ್ಟು, ತಪಸ್ಸಿಗೆ ನಿಂತನು. ಬಳ್ಳಿಗಳು ಮೈಯನ್ನು ಹಬ್ಬಿದರೂ ಕೇವಲಜ್ಞಾನ ಉದಯಿಸಲಿಲ್ಲ. ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಶಲ್ಯ ಒಳಗೆ ಉಳಿದಿತ್ತೆಂದು ಕನ್ನಡ ನಾಡಿನಲ್ಲಿ ಪ್ರಚಲಿತವಾಗಿರುವ ಕಥೆ ಹೇಳುತ್ತದೆ. ಎಲ್ಲವನ್ನೂ ತ್ಯಜಿಸಿದವನಿಗೂ 'ಯಾರ ಜಾಗ' ಎಂಬ ಎಣಿಕೆ ಮಾತ್ರ ಬಿಟ್ಟುಹೋಗಿರಲಿಲ್ಲ. ಅಣ್ಣನೇ ಬಂದು ಪಾದಕ್ಕೆರಗಿದಾಗ ಆ ಶಲ್ಯ ಕಳಚಿತು. ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚಾವುಂಡರಾಯನು ನಿಲ್ಲಿಸಿದ ಮೂರ್ತಿಯನ್ನು ನೋಡುವ ಯಾತ್ರಿಕರು ಅದರ ಔನ್ನತ್ಯವನ್ನು ಕಂಡು ಬೆರಗಾಗುತ್ತಾರೆ. ಹಿರಿಯನಾದ ಭರತನು ತಲೆಬಾಗಿದ್ದೂ ಆ ನಿಲುವಿಗೆ ಒಂದು ನಿಮಿತ್ತವಾಗಿತ್ತೆಂಬುದನ್ನು ಮನೆಯ ಹಿರಿಯರು ಅಲ್ಲಿ ನೆನೆಯಬೇಕು.

ಪುರಾಣದಿಂದ ಇತಿಹಾಸಕ್ಕೆ ಬಂದರೆ ದಾನಚಿಂತಾಮಣಿ ಅತ್ತಿಮಬ್ಬೆಯ ಬಾಳು ಎದುರಾಗುತ್ತದೆ. ಆಕೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ಸೇನಾನಿ ನಾಗದೇವನಿಗೆ ಕೊಟ್ಟು ವಿವಾಹವಾಗಿತ್ತು. ನಾಗದೇವನು ಮಡಿದಾಗ ತಂಗಿ ಸಹಗಮನ ಮಾಡಿದಳು. ಎಳೆಯ ಮಗ ಅಣ್ಣಿಗದೇವನನ್ನು ಸಾಕಬೇಕಾಗಿದ್ದ ಅತ್ತಿಮಬ್ಬೆ ಉಳಿದಳು. ಪತಿಯಿಲ್ಲದ ಸ್ತ್ರೀಗೆ ಅಂದಿನ ಸಮಾಜದಲ್ಲಿ ಯಾವ ಸ್ಥಾನವಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಚಿತೆ ಒಂದು, ಮನೆಯ ಮೂಲೆ ಇನ್ನೊಂದು. ಅತ್ತಿಮಬ್ಬೆ ಇವೆರಡನ್ನೂ ಬಿಟ್ಟು ಮೂರನೆಯದನ್ನು ಕಂಡುಕೊಂಡಳು.

ಆ ಮೂರನೆಯದನ್ನು ಆಕೆ ಎಲ್ಲಿಂದ ಪಡೆದಳೆಂಬುದು ಗಮನಾರ್ಹವಾಗಿದೆ. ತಂದೆಯು ಒಂದು ಗ್ರಂಥವನ್ನು ಬರೆಯಿಸಿದ್ದನು. ಮಗಳು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲ, ಒಂದೊಂದು ಗರಿಯ ಮೇಲೂ ಒಂದೊಂದು ಅಕ್ಷರವನ್ನು ಕಂಠದಿಂದ ಕೊರೆಯಬೇಕು. ಗ್ರಂಥವು ಲುಪ್ತವಾಗದಿರಲೆಂದು ಆಕೆ ಸಾವಿರ ಸಲ ಅದನ್ನು ಬರೆಯಿಸಿದಳು. ಕ್ರಿ.ಶ. 993ರಲ್ಲಿ ರನ್ನನು ಅಜಿತಪುರಾಣವನ್ನು ರಚಿಸುವುದಕ್ಕೆ ಆಶ್ರಯವಾದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಮಗಳು ಹೀಗೆ ಮಾಡಬೇಕೆಂದು ಮಲ್ಲಪನು ವಿಧಿಸಿದ್ದನೆಂದು ಯಾರೂ ಹೇಳುವುದಿಲ್ಲ. ಆತನು ತನ್ನ ಪಾಲಿನ ಕೆಲಸವನ್ನು ಮಾಡಿ ಇಟ್ಟುಹೋದನು. ಅದು ಕಷ್ಟಕಾಲದಲ್ಲಿ ಮಗಳಿಗೆ ನಿಲ್ಲುವ ನೆಲವಾಯಿತು. ಹಿರಿಯರು ಬಿಟ್ಟುಹೋಗಬಹುದಾದ ಪಾಠ ಬಹುಮಟ್ಟಿಗೆ ಇಂಥದೇ ಆಗಿರುತ್ತದೆ. ಮಾತು ಮರೆತುಹೋಗುತ್ತದೆ, ಮುಂದುವರಿಸಬಹುದಾದ ಒಂದು ಸತ್ಕಾರ್ಯ ಉಳಿಯುತ್ತದೆ.

ಸಮೀಪ ಕಾಲದ ಉದಾಹರಣೆಯೊಂದು ಕರ್ನಾಟಕದ ಹೊರಗೆ, ಗುಜರಾತಿನ ಅಹಮದಾಬಾದಿನ ಸಾರಾಭಾಯಿ ಎಂಬ ಜೈನ ಮನೆತನದಲ್ಲಿದೆ. 1885ರಲ್ಲಿ ಜನಿಸಿದ ಅನಸೂಯಾ ಸಾರಾಭಾಯಿಯವರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದರು. ಹಿರಿಯರು ಹದಿಮೂರನೆಯ ವಯಸ್ಸಿನಲ್ಲಿ ಅವರಿಗೆ ವಿವಾಹ ಮಾಡಿದರು, ಅದು ನಿಲ್ಲಲಿಲ್ಲ. ಹಿರಿಯರು ನಿರ್ಣಯಿಸಿದ ಸ್ಥಾನ ಹೀಗೆ ಕೈತಪ್ಪಿತು. ಆಗ ಅವರಿಗೆ ಬೆಂಬಲವಾಗಿ ನಿಂತವರು ತಮ್ಮನಾದ ಅಂಬಾಲಾಲ ಸಾರಾಭಾಯಿಯವರು. ಅವರ ಸಹಾಯದಿಂದ ಅನಸೂಯಾ ಅವರು ವೈದ್ಯಶಾಸ್ತ್ರವನ್ನು ಕಲಿಯಲು ಇಂಗ್ಲೆಂಡಿಗೆ ಹೋದರು. ಅಲ್ಲಿ ಪ್ರಾಣಿಗಳ ದೇಹಚ್ಛೇದನವು ಶಿಕ್ಷಣದ ಭಾಗವೆಂದು ತಿಳಿದಾಗ, ಮನೆಯಲ್ಲಿ ಕಲಿತ ಅಹಿಂಸೆಗೆ ಅದು ಒಗ್ಗದೆಂದು ಬಿಟ್ಟು, ಲಂಡನ್ನಿನ ಅರ್ಥಶಾಸ್ತ್ರದ ಶಾಲೆಯನ್ನು ಸೇರಿದರು. ಹಿಂದಿರುಗಿ ಗಿರಣಿ ಕಾರ್ಮಿಕರ ನಡುವೆ ಕೆಲಸಕ್ಕೆ ತೊಡಗಿದರು.

1918ರಲ್ಲಿ ಅಹಮದಾಬಾದಿನ ಗಿರಣಿಗಳಲ್ಲಿ ಮುಷ್ಕರ ನಡೆಯಿತು. ಮಹಾತ್ಮಾ ಗಾಂಧಿಯವರ ಮಾರ್ಗದರ್ಶನದಲ್ಲಿ ಕೂಲಿಯನ್ನು ಶೇ. 35ರಷ್ಟು ಹೆಚ್ಚಿಸಬೇಕೆಂದು ಕೇಳಿದ ಕಾರ್ಮಿಕರ ಪಕ್ಷದಲ್ಲಿ ಅನಸೂಯಾ ಅವರು ನಿಂತರು. ಗಿರಣಿ ಮಾಲಿಕರ ಮುಂದಾಳಾಗಿ ಎದುರು ನಿಂತವರು ಅದೇ ತಮ್ಮ. ವ್ಯಾಜ್ಯವು ಕೊನೆಗೆ ಮಧ್ಯಸ್ಥಿಕೆಯಿಂದ ಪರಿಹಾರವಾಯಿತು. 1920ರಲ್ಲಿ ಅನಸೂಯಾ ಅವರು ಮಜೂರ್ ಮಹಾಜನ ಸಂಘದ ಸ್ಥಾಪನೆಗೆ ಕಾರಣರಾದರು. ತಾನು ಎಡೆ ಕೊಟ್ಟವರು ತನಗೆ ಅನುಕೂಲವಾಗಿಯೇ ನಡೆಯಬೇಕೆಂಬ ಕರಾರು ಇದ್ದರೆ ಅದು ಅವಕಾಶವಲ್ಲ, ಸಾಲ. ಅಂಬಾಲಾಲರ ಮನೆಯಲ್ಲಿ ಎಂಟು ಮಂದಿ ಮಕ್ಕಳಿಗೆ ಮನೆಯಲ್ಲಿಯೇ ಪಾಠಶಾಲೆಯನ್ನು ಏರ್ಪಡಿಸಲಾಗಿತ್ತು. ಆ ಮಕ್ಕಳಲ್ಲಿ ಮೃದುಲಾ ಅವರು ಸ್ವಾತಂತ್ರ್ಯ ಚಳುವಳಿಗೆ ಹೋದರು. ವಿಕ್ರಮ್ ಅವರು ಭೌತವಿಜ್ಞಾನವನ್ನು ಹಿಡಿದು, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡಿ, 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು. ಗಿರಣಿಯಿದ್ದ ಮನೆಯ ಮಕ್ಕಳೆಲ್ಲರೂ ಗಿರಣಿಯಲ್ಲಿಯೇ ಸ್ಥಾನವನ್ನು ಹುಡುಕಬೇಕಾಗಲಿಲ್ಲ.

ಇಂಥ ಮನೆಗಳಿಗೆ ಸಂಪತ್ತಿನ ಅನುಕೂಲವಿತ್ತೆಂದು ಯಾರಾದರೂ ಹೇಳಬಹುದು, ಅದು ನಿಜವೇ. ಸಾಮಾನ್ಯ ಶ್ರಾವಕನ ಮನೆಯಲ್ಲಿ ಒಂದು ಅಂಗಡಿ, ಎರಡೆಕರೆ ಅಡಕೆ ತೋಟ, ಮೂವರು ಮಕ್ಕಳು. ಎಲ್ಲರೂ ತಮ್ಮ ಮನಸ್ಸಿಗೆ ಬಂದಲ್ಲಿಗೆ ಹೋದರೆ ತೋಟವನ್ನು ನೋಡುವವರಾರು, ಬಸದಿಯ ನಿತ್ಯಪೂಜೆಗೆ ಹಾಲು ಹೂ ಒದಗಿಸುವವರಾರು ಎಂಬ ಹಿರಿಯರ ಆತಂಕ ಸುಳ್ಳಲ್ಲ. ಮನೆತನದ ಕರ್ತವ್ಯಗಳನ್ನು ಯಾರಾದರೂ ಹೊರಲೇಬೇಕು. ಆದರೆ ಹೊರೆಯನ್ನು ಹೊರುವವನನ್ನು ಕೇಳಿ ಹೊರಿಸುವುದಕ್ಕೂ ಕೇಳದೆ ಹೊರಿಸುವುದಕ್ಕೂ ಅಂತರವಿದೆ. ಕೇಳಿ ಹೊರಿಸಿದಾಗ ತೋಟದಲ್ಲಿ ಉಳಿದ ಮಗನು ಅದನ್ನು ತನ್ನ ಸ್ಥಾನವೆಂದು ತಿಳಿಯುತ್ತಾನೆ. ಕೇಳದೆ ಹೊರಿಸಿದಾಗ ತನ್ನನ್ನು ಬಿಟ್ಟುಹೋದರೆಂದು ತಿಳಿಯುತ್ತಾನೆ. ಕೆಲಸ ಒಂದೇ; ಮನಸ್ಸಿನಲ್ಲಿ ಬೆಳೆಯುವ ಬೆಳೆ ಬೇರೆ. ಆಯುಧವಿಲ್ಲದೆ, ಗದ್ದಲವಿಲ್ಲದೆ ಮನೆಯೊಳಗೆ ವರ್ಷಾನುಗಟ್ಟಲೆ ನಡೆಯಬಹುದಾದ ಭಾವಹಿಂಸೆ ಇದು. ನೀರನ್ನು ಸೋಸುವ ಮನೆಯಲ್ಲಿ ಇದರ ಬಗ್ಗೆ ಎಚ್ಚರವಿಲ್ಲದಿದ್ದರೆ ಅಣುವ್ರತವು ಅಪೂರ್ಣವಾಗುತ್ತದೆ.

ಸೊಸೆಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಆಕೆ ತನ್ನ ತವರಿನ ಸ್ಥಾನವನ್ನು ಬಿಟ್ಟು ಬಂದವಳು; ಇಲ್ಲಿಯ ಸ್ಥಾನ ಇನ್ನೂ ದೊರೆತಿಲ್ಲ. ಮನೆಯ ಪದ್ಧತಿಗಳನ್ನು ಅತ್ತೆಯು ಕಲಿಸಬೇಕು, ಸೊಸೆ ಕಲಿಯಬೇಕು. ಆದರೆ ಆಕೆಯೂ ತನ್ನ ಅಜ್ಜಿಯಿಂದ ಕೆಲವನ್ನು ಕಲಿತು ತಂದಿದ್ದಾಳೆ. ಅವಳ ತವರಿನ ಒಂದು ವ್ರತಕ್ಕೆ, ಒಂದು ಅಡುಗೆಗೆ, ಒಂದು ಹಾಡಿಗೆ ಹೊಸ ಮನೆಯಲ್ಲಿ ಎಡೆ ದೊರೆತ ದಿನವೇ ಅವಳಿಗೂ ಅಲ್ಲಿ ಸ್ಥಾನ ದೊರೆಯಿತೆಂದು ಭಾವಿಸಬೇಕು.

ಇಷ್ಟರವರೆಗೆ ಹೇಳಿದ್ದು ಕಿರಿಯರ ಸ್ಥಾನದ ವಿಷಯ. ಆದರೆ ಹಿರಿಯರೂ ತಮ್ಮ ಸ್ಥಾನವನ್ನು ಕಂಡುಕೊಳ್ಳಬೇಕಾಗಿದೆ ಎಂಬುದನ್ನು ಶ್ರಾವಕಾಚಾರವು ಮರೆತಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿತವಾದ ಹನ್ನೊಂದು ಪ್ರತಿಮೆಗಳು ಗೃಹಸ್ಥನು ಒಂದೊಂದಾಗಿ ಏರುವ ಮೆಟ್ಟಿಲುಗಳು. ಅವುಗಳಲ್ಲಿ ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ಮೊದಲು ವ್ಯವಹಾರವನ್ನು ಬಿಡಬೇಕು. ಅನಂತರ ಆಸ್ತಿಯನ್ನು ಬಿಡಬೇಕು. ಆ ಬಳಿಕ, ಮನೆಯ ಲೌಕಿಕ ಕಾರ್ಯಗಳಲ್ಲಿ ಹೀಗಾಗಲಿ ಹಾಗಾಗಲಿ ಎಂದು ಅನುಮತಿ ಕೊಡುವುದನ್ನೂ ಬಿಡಬೇಕು. ಈ ಕ್ರಮದಲ್ಲಿ ಮನುಷ್ಯಸ್ವಭಾವದ ಸೂಕ್ಷ್ಮವಾದ ಅರಿವಿದೆ. ತಿಜೋರಿಯ ಕೀಲಿಕೈಯನ್ನು ಮಗನಿಗೆ ಕೊಟ್ಟ ಮೇಲೂ, ಪ್ರತಿ ಖರೀದಿಗೆ ಮುನ್ನ ತನ್ನನ್ನು ಕೇಳಬೇಕೆಂಬ ಆಸೆ ಉಳಿಯುತ್ತದೆ. ವಸ್ತುವನ್ನು ಬಿಡುವುದಕ್ಕಿಂತ ಮಾತನ್ನು ಬಿಡುವುದು ಕಷ್ಟ. ಆದ್ದರಿಂದಲೇ ಅದು ಮೇಲಿನ ಮೆಟ್ಟಿಲು.

ಎಲ್ಲ ಹಿರಿಯರೂ ಹತ್ತನೆಯ ಪ್ರತಿಮೆಯನ್ನು ವಿಧಿವತ್ತಾಗಿ ಧರಿಸಲಾರರು. ಆದರೆ ಅದರ ಅಭ್ಯಾಸವನ್ನು ಯಾರು ಬೇಕಾದರೂ ಆರಂಭಿಸಬಹುದು. ನಲವತ್ತು ವರ್ಷ ತುಂಬಿದ ಮಗನು ಇನ್ನೂ 'ಕಲಿಯುತ್ತಿದ್ದಾನೆ' ಎಂದು ಹೇಳುವ ತಂದೆಯು ಮಗನ ಅಸಾಮರ್ಥ್ಯವನ್ನಲ್ಲ, ತನ್ನ ಮಮತ್ವವನ್ನು ಹೇಳುತ್ತಿದ್ದಾನೆ. ಅನುಮತಿಯನ್ನು ಬಿಟ್ಟವನು ಮೌನಿಯಾಗಬೇಕೆಂದಿಲ್ಲ. ಹಿತವನ್ನು ಕೇಳಿದಾಗ ಹೇಳಬಹುದು. ಕೇಳದೆ ಹೇಳಿದ ನೂರು ಮಾತುಗಳಿಗಿಂತ ಕೇಳಿದಾಗ ಹೇಳಿದ ಒಂದು ಮಾತು ಕಿರಿಯರ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ.

ಈ ಮಾತು ಮನೆಗಳಿಗೆ ಮಾತ್ರವಲ್ಲ, ಬಸದಿಗಳ ಆಡಳಿತ ಮಂಡಳಿಗಳಿಗೂ ಸಲ್ಲುತ್ತದೆ. ಹಿಂದಿನವರು ಶ್ರಮಪಟ್ಟು ಉಳಿಸಿದ ಬಸದಿಯನ್ನು ಮುಂದಿನವರಿಗೆ ಒಪ್ಪಿಸುವುದು ಹೇಗೆಂಬ ಚಿಂತೆ ಎಲ್ಲ ಟ್ರಸ್ಟುಗಳಿಗೂ ಇರಬೇಕು. ಸಭೆಯಲ್ಲಿ ತರುಣರ ಮಾತಿಗೆ ಎಡೆಯಿಲ್ಲದಿದ್ದರೆ ಅವರು ಹಬ್ಬದ ದಿನ ಬಂದುಹೋಗುವ ಅತಿಥಿಗಳಾಗುತ್ತಾರೆ. ಕಲಶದ ಸವಾಲಿನಲ್ಲಿ ಮುಂದಿರುವವರಿಗೆ ದೊರೆಯುವ ಗೌರವ, ದಿನವೂ ನಸುಕಿನಲ್ಲಿ ಬಸದಿಯ ಅಂಗಳವನ್ನು ಗುಡಿಸುವವರಿಗೂ ದೊರೆಯುತ್ತಿದೆಯೇ ಎಂದು ವಿಚಾರಿಸಬೇಕು. ಚಾವುಂಡರಾಯನ ಕೊಡಗಟ್ಟಲೆ ಹಾಲು ಇಳಿಸದ ಅಭಿಷೇಕವನ್ನು ಗುಳ್ಳಕಾಯಜ್ಜಿಯ ಪುಟ್ಟ ಚಿಪ್ಪಿನ ಹಾಲು ಪಾದದವರೆಗೆ ಇಳಿಸಿತೆಂಬ ಐತಿಹ್ಯವನ್ನು ತಿಳಿಯದ ಜೈನ ಮಗುವಿಲ್ಲ. ಆ ಅಜ್ಜಿಯ ಮೂರ್ತಿ ಇಂದಿಗೂ ವಿಂಧ್ಯಗಿರಿಯಲ್ಲಿ ಗೊಮ್ಮಟನಿಗೆ ಎದುರಾಗಿ ಪ್ರಾಕಾರದ ಹೊರಗೆ ನಿಂತಿದೆ. ಕುಲಮದವನ್ನೂ ಪೂಜಾಮದವನ್ನೂ ಅಷ್ಟಮದಗಳಲ್ಲಿ ಎಣಿಸಿದ ಧರ್ಮದಲ್ಲಿ ಆಕೆಗೆ ಸಂದ ಆ ಸ್ಥಾನ ಆಕಸ್ಮಿಕವಲ್ಲ.

ಆದುದರಿಂದ 'ನಿನ್ನ ಸ್ಥಾನವನ್ನು ತಿಳಿದುಕೋ' ಎಂಬ ಮಾತನ್ನು ಹಿರಿಯರು ಕಿರಿಯರಿಗೆ ಹೇಳುವಾಗ ಮೊದಲು ತಮಗೆ ಹೇಳಿಕೊಳ್ಳುವುದು ಉಚಿತ. ತಾವು ನಿಮಿತ್ತವೆಂಬುದನ್ನು ತಿಳಿದ ಹಿರಿಯರ ಮನೆಯಲ್ಲಿ ಮಗನು ತೋಟದಲ್ಲಿ ಉಳಿದರೂ, ಸಮುದ್ರದಾಚೆಗೆ ಹೋದರೂ, ಹಿಂದಿರುಗಿ ಬಂದರೂ, ಅವನಿಗೆ ಇರುವುದಕ್ಕೆ ಎಡೆಯಿರುತ್ತದೆ. ಅಂಥ ಮನೆಯಲ್ಲಿ ಬೆಳೆದವನು ಮುಂದೆ ತಾನು ಹಿರಿಯನಾದಾಗ, ತನಗೆ ದೊರೆತ ಎಡೆಯನ್ನು ಮತ್ತೊಬ್ಬರಿಗೆ ಬಿಟ್ಟುಕೊಡಲು ಅಳುಕುವುದಿಲ್ಲ.